ನಿವೃತ್ತಿ ಪತ್ರ ಬರೆಯುವುದು ಹೇಗೆ: ಫೈಲಿಗೆ ಒಂದು, ಜನರಿಗೆ ಇನ್ನೊಂದು

ನಿವೃತ್ತಿ ಪತ್ರವನ್ನು ಮೊದಲು ಓದುವವರು ನಿಮ್ಮ ಮೇಲಧಿಕಾರಿ. ಅವರು ಒಂದು ಸಲ ಓದಿ, ಎರಡು ಒಳ್ಳೆ ಮಾತಾಡಿ, ಅದನ್ನು ಮುಂದಕ್ಕೆ ಕಳಿಸುತ್ತಾರೆ. ಆಮೇಲೆ ಅದನ್ನು ಮತ್ತೆ ಮತ್ತೆ ತೆಗೆದು ನೋಡುವವರು ಬೇರೆ ಜನ. ಎಚ್‌ಆರ್‌ನಲ್ಲಿ, ಅಂದರೆ ಸಿಬ್ಬಂದಿ ವಿಭಾಗದಲ್ಲಿ, ನಿಮ್ಮ ಫೈಲು ನೋಡುವವರು, ಸಂಬಳದ ಲೆಕ್ಕ ಮಾಡುವವರು, ಪಿಂಚಣಿ ಕಾಗದ ತಯಾರಿಸುವವರು. ಇವರಲ್ಲಿ ಎಷ್ಟೋ ಜನ ನಿಮ್ಮ ಮುಖ ಕೂಡ ನೋಡಿರುವುದಿಲ್ಲ. ಅವರಿಗೆ ಬೇಕಾಗಿರುವುದು ನಿಮ್ಮ ಇಷ್ಟು ವರ್ಷಗಳ ನೆನಪಲ್ಲ. ಒಂದು ದಿನಾಂಕ, ಒಂದು ಉದ್ಯೋಗಿ ಸಂಖ್ಯೆ, ಒಂದು ಸಹಿ.

ಬಹಳ ಜನ ತೊಡಕು ಮಾಡಿಕೊಳ್ಳುವುದು ಇಲ್ಲೇ. ಕೃತಜ್ಞತೆ, ನೆನಪು, ಸ್ವಲ್ಪ ಬೇಸರ, ಮುಂದಿನ ಯೋಜನೆ, ಜೊತೆಗೆ ನೋಟಿಸು ಎಲ್ಲವನ್ನೂ ಒಂದೇ ಪತ್ರಕ್ಕೆ ತುಂಬುತ್ತಾರೆ. ದಿನಾಂಕ ಎರಡನೇ ಪುಟದಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ನಾನು ಹೇಳುವುದು, ಎರಡು ಪತ್ರ ಬರೆಯಿರಿ. ಒಂದು ಫೈಲಿಗೆ. ಅದು ಚಿಕ್ಕದು, ಒಣಗಿದ್ದರೂ ಪರವಾಗಿಲ್ಲ. ಇನ್ನೊಂದು ಜೊತೆಗೆ ಕೆಲಸ ಮಾಡಿದ ಜನರಿಗೆ. ಮನಸ್ಸಿನ ಮಾತು ಅಲ್ಲಿಗೆ ಇಟ್ಟುಕೊಳ್ಳಿ.

ಪೆನ್ನು ಹಿಡಿಯುವ ಮೊದಲು

ಹಳೆಯ ನೇಮಕಾತಿ ಪತ್ರ ಹುಡುಕಿ ತೆಗೆಯಿರಿ. ಸಿಗದಿದ್ದರೆ ಎಚ್‌ಆರ್‌ನವರ ಹತ್ತಿರ ಪ್ರತಿ ಕೇಳಿ. ಜೊತೆಗೆ ಸಂಸ್ಥೆಯ ಸೇವಾ ನಿಯಮಗಳನ್ನೂ ನೋಡಿ. ಸೇರಿದಾಗ ಇದ್ದ ನಿಯಮ ಈಗ ಬದಲಾಗಿರಬಹುದು.

ಅದರಲ್ಲಿ ಮೊದಲು ನೋಡಬೇಕಾದದ್ದು ನೋಟಿಸ್ ಅವಧಿ, ಅಂದರೆ ಕೆಲಸ ಬಿಡುವ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದು. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಇರುತ್ತದೆ, ದೊಡ್ಡ ಹುದ್ದೆಗೆ ಜಾಸ್ತಿಯೂ ಇರಬಹುದು. ಅದು ಎಷ್ಟು ಎಂದು ತಿಳಿದುಕೊಂಡರೆ ಸಾಲದು, ಯಾವತ್ತಿನಿಂದ ಎಣಿಸುತ್ತಾರೆ ಎಂದೂ ನೋಡಬೇಕು. ಪತ್ರದ ಮೇಲೆ ನೀವು ಹಾಕಿದ ದಿನಾಂಕದಿಂದಲೋ, ಅವರ ಕೈಗೆ ಸಿಕ್ಕ ದಿನದಿಂದಲೋ? ಎಷ್ಟೋ ಕಡೆ ಕೈಗೆ ಸಿಕ್ಕ ದಿನವೇ ಲೆಕ್ಕ. ಶುಕ್ರವಾರ ಸಂಜೆ ಮೇಜಿನ ಮೇಲಿಟ್ಟು ಬಂದ ಪತ್ರವನ್ನು ಸೋಮವಾರ ತೆರೆದರೆ ಮೂರು ದಿನ ಹೋಯಿತು. ಕಡ್ಡಾಯವಾಗಿ ಕೊಡಬೇಕಾದ ನೋಟಿಸಿಗಿಂತ ಒಂದೆರಡು ವಾರ ಮೊದಲೇ ಕೊಟ್ಟುಬಿಟ್ಟರೆ ಈ ತಲೆನೋವೇ ಇರುವುದಿಲ್ಲ.

ಆಮೇಲೆ ನಿಮ್ಮದು ಯಾವ ಬಗೆಯ ನಿವೃತ್ತಿ ಎಂದು ಖಚಿತ ಮಾಡಿಕೊಳ್ಳಿ. ನಿಗದಿತ ವಯಸ್ಸು ತುಂಬಿ ಆಗುವ ನಿವೃತ್ತಿ ಒಂದು, ಅದಕ್ಕಿಂತ ಮೊದಲೇ ನಾವಾಗಿ ತೆಗೆದುಕೊಳ್ಳುವ ಸ್ವಯಂ ನಿವೃತ್ತಿ ಇನ್ನೊಂದು. ಮೊದಲನೆಯದರಲ್ಲಿ ‘ನಿವೃತ್ತನಾಗುತ್ತಿದ್ದೇನೆ’ ಎಂದು ತಿಳಿಸಿದರೆ ಸಾಕು. ಎರಡನೆಯದರಲ್ಲಿ ಕೆಲವು ಸಂಸ್ಥೆಗಳಲ್ಲಿ ಅನುಮತಿ ಕೇಳಬೇಕಾಗುತ್ತದೆ. ಅವರು ಒಪ್ಪಿಗೆ ಕೊಟ್ಟ ಮೇಲೇ ಅದು ಜಾರಿಗೆ ಬರುತ್ತದೆ. ಆಗ ‘ಅನುಮತಿ ನೀಡಬೇಕೆಂದು ಕೋರುತ್ತೇನೆ’ ಎಂದೇ ಬರೆಯಬೇಕು.

ಇನ್ನೊಂದು ಮಾತು. ಪತ್ರದಲ್ಲಿ ಎಲ್ಲೂ ‘ರಾಜೀನಾಮೆ’ ಎಂದು ಬರೆಯಬೇಡಿ. ಮಾತಿನಲ್ಲಿ ಎರಡೂ ‘ಕೆಲಸ ಬಿಡುವುದು’ ಅಂತಲೇ ಅನ್ನಿಸಬಹುದು. ಆದರೆ ಅನೇಕ ಕಡೆ ರಾಜೀನಾಮೆ ಕೊಟ್ಟವರಿಗೆ ಸಿಗುವುದೇ ಬೇರೆ, ನಿವೃತ್ತರಾದವರಿಗೆ ಸಿಗುವುದೇ ಬೇರೆ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪಿಂಚಣಿಯ ಲೆಕ್ಕಕ್ಕೆ ಬರುವುದಿಲ್ಲ ಎನ್ನುವ ನಿಯಮಗಳೂ ಇವೆ. ಅಂತರ್ಜಾಲದಲ್ಲಿ ಸಿಗುವ ರಾಜೀನಾಮೆ ಪತ್ರದ ಮಾದರಿ ಇಳಿಸಿಕೊಂಡು, ಅದರಲ್ಲೇ ಒಂದೆರಡು ಪದ ತಿದ್ದಿ ಕೊಡುವವರು ಈ ಕಡೆ ಸ್ವಲ್ಪ ಗಮನ ಕೊಡಿ.

ದಿನಾಂಕ ಗೊತ್ತುಮಾಡುವುದು

ಪತ್ರ ಬರೆಯಲು ಹತ್ತು ನಿಮಿಷ ಸಾಕು. ದಿನಾಂಕ ಗೊತ್ತುಮಾಡಲು ಒಂದು ವಾರ ಬೇಕಾದರೂ ತೆಗೆದುಕೊಳ್ಳಿ. ಎರಡು ವಾರ ಹಿಂದೆ ಮುಂದೆ ಆದರೆ ದುಡ್ಡಿನಲ್ಲಿ ದೊಡ್ಡ ವ್ಯತ್ಯಾಸ ಆಗಬಹುದು.

ನಿಮ್ಮ ಸೇವೆಗೆ ಪೂರ್ತಿ ವರ್ಷ ತುಂಬುವುದು ಯಾವತ್ತು ಎಂದು ನೋಡಿ. ನಿವೃತ್ತಿ ಹಣವನ್ನು ಸೇವೆಯ ವರ್ಷಗಳ ಮೇಲೆ ಲೆಕ್ಕ ಹಾಕುವುದಾದರೆ, ಇನ್ನೊಂದು ತಿಂಗಳು ಇದ್ದರೆ ಒಂದು ವರ್ಷ ಜಾಸ್ತಿ ಲೆಕ್ಕಕ್ಕೆ ಬರಬಹುದು. ಬೋನಸ್ ಕೊಡುವ ದಿನ ಕೆಲಸದಲ್ಲಿ ಇದ್ದವರಿಗೆ ಮಾತ್ರ ಬೋನಸ್ ಎನ್ನುವ ಸಂಸ್ಥೆಗಳಿವೆ. ವರ್ಷದ ಸಂಬಳ ಏರಿಕೆ ಯಾವ ತಿಂಗಳು, ಉಳಿದ ರಜೆಗೆ ಹಣ ಕೊಡುತ್ತಾರಾ ಅಥವಾ ಅದನ್ನು ರಜೆಯಾಗಿಯೇ ಮುಗಿಸಬೇಕಾ, ಆರೋಗ್ಯ ವಿಮೆ ಕೊನೆಯ ದಿನವೇ ನಿಲ್ಲುತ್ತದಾ ಅಥವಾ ತಿಂಗಳ ಕೊನೆಯವರೆಗೆ ಇರುತ್ತದಾ, ಪಿಂಚಣಿ ಯಾವ ದಿನದಿಂದ ಶುರು, ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ವಿಮೆ ನಿಲ್ಲುವ ದಿನಕ್ಕೂ ಹೊಸ ವಿಮೆ ಶುರುವಾಗುವ ದಿನಕ್ಕೂ ನಡುವೆ ಖಾಲಿ ಬಿಡಬೇಡಿ. ವಯಸ್ಸಾದ ಮೇಲೆ ಒಂದು ತಿಂಗಳ ಖಾಲಿಯೂ ದುಬಾರಿ ಬೀಳಬಹುದು.

ಈ ಲೆಕ್ಕವನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ. ‘ಇಂಥ ದಿನ ನಿವೃತ್ತನಾದರೆ ನನಗೆ ಏನೇನು ಸಿಗುತ್ತದೆ’ ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಹಾಗೆ ಕೇಳಿದ ಮಾತ್ರಕ್ಕೆ ನೋಟಿಸ್ ಕೊಟ್ಟ ಹಾಗೆ ಆಗುವುದಿಲ್ಲ. ಆದರೂ ‘ಇದು ಮಾಹಿತಿಗಾಗಿ ಮಾತ್ರ, ಇನ್ನೂ ತೀರ್ಮಾನ ಆಗಿಲ್ಲ’ ಎಂದು ಒಂದು ಸಾಲು ಸೇರಿಸಿಬಿಡಿ. ಸುದ್ದಿ ಹಬ್ಬುವುದಕ್ಕೆ ಕಚೇರಿಯಲ್ಲಿ ಜಾಸ್ತಿ ಹೊತ್ತು ಬೇಕಾಗಿಲ್ಲ.

ಇನ್ನು ‘ಕೊನೆಯ ದಿನ’ ಎಂಬುದು ಒಂದೇ ಅಲ್ಲ, ಎರಡು ಇರಬಹುದು. ಕಚೇರಿಗೆ ಬರುವ ಕೊನೆಯ ದಿನ ಒಂದು. ಸೇವೆ ಮುಗಿಯುವ ದಿನ ಇನ್ನೊಂದು. ಉಳಿದ ರಜೆಯನ್ನು ಕೊನೆಗೆ ಹಾಕಿಕೊಂಡರೆ ಇವೆರಡರ ನಡುವೆ ಕೆಲವು ವಾರಗಳೇ ಇರುತ್ತವೆ. ಪತ್ರದಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ. ಇಲ್ಲದಿದ್ದರೆ ಯಾರೋ ಒಬ್ಬರು ಮೊದಲನೆಯ ದಿನಕ್ಕೇ ನಿಮ್ಮ ಲೆಕ್ಕ ಮುಗಿಸಿಬಿಡುತ್ತಾರೆ.

ದಿನಾಂಕ ಬರೆಯುವಾಗ 5/6 ಎಂದು ಅಂಕಿಯಲ್ಲಿ ಹಾಕಬೇಡಿ. ಜೂನ್ ಐದು ಎಂದು ಓದುವವರೂ ಇದ್ದಾರೆ, ಮೇ ಆರು ಎಂದು ಓದುವವರೂ ಇದ್ದಾರೆ. ತಿಂಗಳ ಹೆಸರು ಅಕ್ಷರದಲ್ಲಿ ಇರಲಿ, ವಾರವೂ ಇರಲಿ. ‘ಮುಂದಿನ ತಿಂಗಳ ಕೊನೆಗೆ’, ‘ಸುಮಾರು ಏಪ್ರಿಲ್ ಹೊತ್ತಿಗೆ’ ಎಂಬ ಮಾತುಗಳನ್ನು ಕಾಫಿ ಕುಡಿಯುವಾಗ ಆಡಿಕೊಳ್ಳಬಹುದು. ಪತ್ರದಲ್ಲಿ ಬೇಡ.

ಮೊದಲು ಬಾಯಲ್ಲಿ ಹೇಳಿ

ಪತ್ರ ಕೊಡುವ ಮುಂಚೆ ನಿಮ್ಮ ನೇರ ಮೇಲಧಿಕಾರಿಗೆ ಎದುರಿಗೆ ಕೂತು ಹೇಳಿ. ದೂರದಲ್ಲಿದ್ದರೆ ಫೋನ್ ಮಾಡಿ. ಎಷ್ಟೇ ಮುನಿಸಿದ್ದರೂ ಇದನ್ನು ತಪ್ಪಿಸಬೇಡಿ. ವಿಷಯ ಮೊದಲು ಬೇರೆಯವರ ಬಾಯಿಂದ ಕೇಳಿದರೆ ಯಾರಿಗಾದರೂ ಬೇಜಾರಾಗುತ್ತದೆ, ಅಲ್ವಾ? ಆಮೇಲೆ ಅದೇ ದಿನ ಅಥವಾ ಮಾರನೇ ದಿನ ಪತ್ರ ಕೊಡಿ. ತಂಡದವರಿಗೆ ಯಾವಾಗ, ಯಾರು ಹೇಳಬೇಕು ಎಂಬುದನ್ನೂ ಆ ಮಾತುಕತೆಯಲ್ಲೇ ತೀರ್ಮಾನಿಸಿಕೊಳ್ಳಿ. ಗ್ರಾಹಕರ ಸರದಿ ಎಲ್ಲಕ್ಕಿಂತ ಕೊನೆಗೆ.

ಫೈಲಿಗೆ ಹೋಗುವ ಪತ್ರ

ಶಾಲೆಯಲ್ಲಿ ಕಲಿತ ಪತ್ರದ ಚೌಕಟ್ಟು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಕೊನೆಗೆ ಇಂತಿ. ಬಿಡಬೇಕಾದದ್ದು ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರನಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬ ಉದ್ದನೆಯ ಪೀಠಿಕೆ. ಅದನ್ನು ದಾಟಿ ವಿಷಯಕ್ಕೆ ಬರುವಷ್ಟರಲ್ಲಿ ಓದುವವರಿಗೆ ಸಾಕಾಗಿರುತ್ತದೆ.

ನಿಮ್ಮ ಹುದ್ದೆ, ವಿಭಾಗ ‘ಇವರಿಂದ’ ಎಂಬಲ್ಲಿ ಬರಲಿ. ಮೊದಲ ಪ್ಯಾರಾದಲ್ಲಿ ನಿವೃತ್ತಿಯ ದಿನಾಂಕ, ನೋಟಿಸ್ ಮುಗಿಯಬೇಕು. ಆಮೇಲೆ ಕೆಲಸ ಒಪ್ಪಿಸುವ ಬಗ್ಗೆ ಎರಡು ಸಾಲು. ನಂತರ ನಿಮಗೆ ಸಂಸ್ಥೆಯಿಂದ ಬೇಕಾದ ಮಾಹಿತಿ. ಧನ್ಯವಾದ ಕೊನೆಗೆ. ಒಂದು ಪುಟ ಮೀರಬಾರದು, ಅರ್ಧ ಪುಟವಾದರೆ ಇನ್ನೂ ಒಳ್ಳೆಯದು. ಒಂದು ಮಾದರಿ ಹೀಗಿರಬಹುದು:

ದಿನಾಂಕ: 4 ಜನವರಿ 2027

ಇವರಿಂದ,
(ನಿಮ್ಮ ಹೆಸರು)
ಹಿರಿಯ ಲೆಕ್ಕಿಗ, ಲೆಕ್ಕಪತ್ರ ವಿಭಾಗ
ಉದ್ಯೋಗಿ ಸಂಖ್ಯೆ: ……

ಇವರಿಗೆ,
ವ್ಯವಸ್ಥಾಪಕರು, ಲೆಕ್ಕಪತ್ರ ವಿಭಾಗ
(ಸಂಸ್ಥೆಯ ಹೆಸರು)

ಮಾನ್ಯರೇ,

ವಿಷಯ: ಸೇವೆಯಿಂದ ನಿವೃತ್ತಿ ಹೊಂದುವ ಬಗ್ಗೆ ನೋಟಿಸ್

ನಾನು 2027ರ ಏಪ್ರಿಲ್ 30, ಶುಕ್ರವಾರ ಕಚೇರಿ ಸಮಯ ಮುಗಿದ ಮೇಲೆ ಸೇವೆಯಿಂದ ನಿವೃತ್ತನಾಗುತ್ತಿದ್ದೇನೆ. ನನ್ನ ನೇಮಕಾತಿ ಪತ್ರದ ಪ್ರಕಾರ ಕೊಡಬೇಕಾದ ಮೂರು ತಿಂಗಳ ನೋಟಿಸ್ ಎಂದು ಈ ಪತ್ರವನ್ನು ಪರಿಗಣಿಸಬೇಕು. ಏಪ್ರಿಲ್ 19ರಿಂದ 30ರವರೆಗೆ ಉಳಿದ ರಜೆಯನ್ನು ಬಳಸಿಕೊಳ್ಳಲು ಅನುಮತಿ ಕೋರುತ್ತೇನೆ. ರಜೆ ಮಂಜೂರಾದರೆ ಕಚೇರಿಯಲ್ಲಿ ನನ್ನ ಕೊನೆಯ ದಿನ ಏಪ್ರಿಲ್ 16, ಶುಕ್ರವಾರ.

ತಿಂಗಳ ಕೊನೆಯ ಲೆಕ್ಕ ಮುಗಿಸುವ ಕ್ರಮವನ್ನೂ ಬಾಕಿ ಇರುವ ಕೆಲಸಗಳ ಪಟ್ಟಿಯನ್ನೂ ಮಾರ್ಚ್ 15ರೊಳಗೆ ಬರೆದು ಕೊಡುತ್ತೇನೆ. ನನ್ನ ಜಾಗಕ್ಕೆ ಬರುವವರು ಅಷ್ಟರಲ್ಲಿ ಗೊತ್ತಾದರೆ ಮಾರ್ಚ್ ತಿಂಗಳ ಲೆಕ್ಕವನ್ನು ಅವರ ಜೊತೆ ಕೂತು ಮುಗಿಸಬಹುದು.

ನಿವೃತ್ತಿ ಸೌಲಭ್ಯ, ಬಾಕಿ ರಜೆಯ ಹಣ ಮತ್ತು ಆರೋಗ್ಯ ವಿಮೆಗೆ ನಾನು ತುಂಬಿಕೊಡಬೇಕಾದ ಅರ್ಜಿಗಳು ಯಾವುವು, ಯಾವ ದಿನದೊಳಗೆ ಕೊಡಬೇಕು ಎಂದು ತಿಳಿಸಬೇಕಾಗಿ ವಿನಂತಿ. ನಿವೃತ್ತಿಯ ನಂತರದ ನನ್ನ ವಿಳಾಸ, ಫೋನ್ ಮತ್ತು ಸ್ವಂತ ಇಮೇಲ್ ಕೆಳಗೆ ಕೊಟ್ಟಿದ್ದೇನೆ.

ಹೊಸ ಲೆಕ್ಕದ ಸಾಫ್ಟ್‌ವೇರ್ ಬಂದಾಗ ನಮ್ಮಂಥ ಹಳಬರಿಗೆ ಕಲಿಯಲು ತಾವು ಸಮಯ ಮಾಡಿಕೊಟ್ಟಿರಿ. ಅದಕ್ಕೂ ಇಷ್ಟು ವರ್ಷಗಳ ಸಹಕಾರಕ್ಕೂ ಧನ್ಯವಾದಗಳು.

ಇಂತಿ ತಮ್ಮ ವಿಶ್ವಾಸಿ,
(ಸಹಿ, ಹೆಸರು)

ಪ್ರತಿ: ಎಚ್‌ಆರ್ ವಿಭಾಗ

ಈ ಮಾದರಿಯಲ್ಲಿ ಒಂದೆರಡು ಕಡೆ ನಿಂತು ನೋಡಿ. ‘ಕಚೇರಿ ಸಮಯ ಮುಗಿದ ಮೇಲೆ’ ಎಂದು ಹಾಕಿರುವುದು ಸುಮ್ನೆ ಅಲ್ಲ. 30ನೇ ತಾರೀಖು ಸೇವೆಯ ದಿನವೇ, ಆ ದಿನದ ಸಂಬಳವೂ ಸೇರುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸ್ವಂತ ಇಮೇಲ್ ಕೊಟ್ಟಿರುವುದಕ್ಕೂ ಕಾರಣವಿದೆ. ಕಚೇರಿಯ ಮೇಲ್ ಕೊನೆಯ ದಿನ ಸಂಜೆಗೇ ಬಂದ್ ಆಗಬಹುದು. ಪಿಂಚಣಿ ಕಾಗದ, ತೆರಿಗೆ ಕಾಗದ ಬರುವುದು ಅದಾದ ಮೇಲೆ. ಧನ್ಯವಾದದಲ್ಲಿ ‘ನನಗೆ ಸಿಕ್ಕ ಅವಕಾಶಗಳಿಗಾಗಿ ಚಿರಋಣಿ’ ಎಂಬ ಎಲ್ಲರ ಸಾಲಿನ ಬದಲು ನಿಜವಾಗಿ ನಡೆದ ಒಂದು ಸಂಗತಿ ಇದೆ. ಅಂಥದ್ದು ಒಂದೇ ಸಾಕು. ಏನೂ ಹೊಳೆಯದಿದ್ದರೆ ‘ಸಹಕಾರಕ್ಕೆ ಧನ್ಯವಾದಗಳು’ ಎಂದು ಮುಗಿಸಿ. ಇಲ್ಲದ ಪ್ರೀತಿಯನ್ನು ಬರೆದು ತೋರಿಸುವ ಅಗತ್ಯವಿಲ್ಲ.

ಸ್ವಯಂ ನಿವೃತ್ತಿಗೆ ಅನುಮತಿ ಬೇಕಾದವರು ಮೊದಲ ವಾಕ್ಯವನ್ನು ಮಾತ್ರ ಬದಲಿಸಿಕೊಂಡರೆ ಸಾಕು: ‘ಸೇವಾ ನಿಯಮಗಳ ಪ್ರಕಾರ 2027ರ ಏಪ್ರಿಲ್ 30, ಶುಕ್ರವಾರ ಕಚೇರಿ ಸಮಯ ಮುಗಿದ ಮೇಲೆ ಜಾರಿಗೆ ಬರುವಂತೆ ನನಗೆ ಸ್ವಯಂ ನಿವೃತ್ತಿ ನೀಡಬೇಕೆಂದು ಕೋರುತ್ತೇನೆ.’ ನಿಯಮದ ಸಂಖ್ಯೆ ಗೊತ್ತಿದ್ದರೆ ಅದನ್ನೂ ಹಾಕಿ.

ಬರೆಯದೆ ಬಿಡಬೇಕಾದದ್ದು

ಕಾರಣ ಹೇಳಲೇಬೇಕು ಎಂದೇನಿಲ್ಲ. ವಯಸ್ಸಾಗಿ ನಿವೃತ್ತರಾಗುವವರಿಗೆ ವಯಸ್ಸೇ ಕಾರಣ. ಮೊದಲೇ ಬಿಡುವವರು ‘ವೈಯಕ್ತಿಕ ಕಾರಣಗಳಿಂದ’ ಎಂದರೆ ಸಾಕು. ಆರೋಗ್ಯದ ಕಾರಣವಿದ್ದರೂ ಕಾಯಿಲೆಯ ವಿವರ ಈ ಪತ್ರದಲ್ಲಿ ಬೇಡ. ಅದು ಎಷ್ಟು ಜನರ ಕೈಗೆ ಹೋಗುತ್ತದೋ ಗೊತ್ತಿಲ್ಲ. ಅನಾರೋಗ್ಯದ ಮೇಲೆ ಸಿಗುವ ಸೌಲಭ್ಯ ಕೇಳುವುದಿದ್ದರೆ ಅದಕ್ಕೆ ಬೇರೆ ಅರ್ಜಿ, ಬೇರೆ ವೈದ್ಯಕೀಯ ಪ್ರಮಾಣಪತ್ರ ಇರುತ್ತದೆ.

ದೂರುಗಳೂ ಬೇಡ. ತಪ್ಪಿದ ಬಡ್ತಿ, ಕಿರಿಯರು ಮೇಲೆ ಬಂದದ್ದು, ಆಡಿದ ಮಾತು ಎಲ್ಲ ನಿಜವೇ ಇರಬಹುದು. ಆದರೆ ಆ ಕಾಗದ ನಿಮ್ಮ ಸೌಲಭ್ಯದ ಕಾಗದಗಳ ಜೊತೆ ಅದೇ ಫೈಲಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ನಿಜವಾದ ಅನ್ಯಾಯ ಆಗಿದ್ದು ಅದಕ್ಕೆ ಪರಿಹಾರ ಬೇಕು ಎಂದಾದರೆ ಪ್ರತ್ಯೇಕ ದೂರು ಕೊಡಿ, ಅದೂ ಸಾಧ್ಯವಾದರೆ ನೋಟಿಸ್ ಕೊಡುವ ಮುಂಚೆ. ಹೊಟ್ಟೆಯಲ್ಲಿದ್ದದ್ದನ್ನು ಹೊರಹಾಕಲೇಬೇಕು ಅನ್ನಿಸಿದರೆ ಒಂದು ಹಾಳೆಯಲ್ಲಿ ಪೂರ್ತಿ ಬರೆದುಬಿಡಿ. ಕಳಿಸಬೇಡಿ ಅಷ್ಟೇ.

‘ಯಾವಾಗ ಬೇಕಾದರೂ ಕರೆಯಿರಿ, ಬಂದು ಮಾಡಿಕೊಡುತ್ತೇನೆ’ ಎಂದು ಬರೆಯುವ ಉದಾರಿಗಳಿದ್ದಾರೆ. ಹಾಗೆ ಬರೆದರೆ ನಿಜವಾಗಿಯೂ ಕರೆಯುತ್ತಾರೆ. ಸಹಾಯ ಮಾಡುವ ಮನಸ್ಸಿದ್ದರೆ ಮಿತಿ ಹಾಕಿ: ‘ನಿವೃತ್ತಿಯ ನಂತರ ಒಂದು ತಿಂಗಳು ಸಂದೇಹಗಳಿಗೆ ಫೋನಿನಲ್ಲಿ ಸಿಗುತ್ತೇನೆ.’ ಇನ್ನು ಸಲಹೆಗಾರರಾಗಿ ಅಥವಾ ಅರ್ಧ ದಿನದ ಕೆಲಸಕ್ಕೆ ಮುಂದುವರಿಯುವ ಆಸೆ ಇದ್ದರೆ ಅದನ್ನು ಈ ಪತ್ರದಲ್ಲಿ ಷರತ್ತಿನ ಹಾಗೆ ಸೇರಿಸಬೇಡಿ. ‘ಹೀಗೆ ಕೊಟ್ಟರೆ ಮಾತ್ರ ನಿವೃತ್ತನಾಗುತ್ತೇನೆ’ ಎಂಬ ಅರ್ಥ ಬಂದುಬಿಟ್ಟರೆ ನೋಟಿಸೇ ಗೊಂದಲಕ್ಕೆ ಬೀಳುತ್ತದೆ. ಅದನ್ನು ಮೊದಲು ಮಾತಾಡಿ, ಒಪ್ಪಿಕೊಂಡರೆ ಬೇರೆ ಒಪ್ಪಂದ ಬರೆಸಿಕೊಳ್ಳಿ.

‘ಬಹುಶಃ’, ‘ಯೋಚಿಸುತ್ತಿದ್ದೇನೆ’, ‘ಅನ್ನಿಸುತ್ತಿದೆ’ ಎಂಬ ಮಾತುಗಳಿಗೂ ಇಲ್ಲಿ ಜಾಗವಿಲ್ಲ. ಇನ್ನೂ ಯೋಚಿಸುತ್ತಿದ್ದರೆ ಪತ್ರ ಕೊಡುವ ಹೊತ್ತು ಬಂದಿಲ್ಲ ಎಂದೇ ಅರ್ಥ. ಕೊಟ್ಟ ಮೇಲೆ ಹಿಂದೆ ತೆಗೆದುಕೊಳ್ಳುವುದು ಸುಲಭವಲ್ಲ. ಅನೇಕ ಕಡೆ ಅದಕ್ಕೆ ಸಂಸ್ಥೆಯ ಒಪ್ಪಿಗೆ ಬೇಕು.

ಕೊಟ್ಟಿದ್ದಕ್ಕೆ ಗುರುತು ಇರಲಿ

ಕಾಗದದಲ್ಲಿ ಕೊಡುವುದಾದರೆ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಸಹಿ, ದಿನಾಂಕ, ಸೀಲು ಹಾಕಿಸಿಕೊಂಡು ಮನೆಗೆ ತನ್ನಿ. ಮೇಲ್‌ನಲ್ಲಿ ಕಳಿಸುವುದಾದರೆ ಸಹಿ ಮಾಡಿದ ಪತ್ರವನ್ನು ಪಿಡಿಎಫ್ ಮಾಡಿ ಲಗತ್ತಿಸಿ. ವಿಷಯದ ಸಾಲಿನಲ್ಲಿ ‘ನಿವೃತ್ತಿ ನೋಟಿಸ್, ನಿಮ್ಮ ಹೆಸರು, ಉದ್ಯೋಗಿ ಸಂಖ್ಯೆ, ದಿನಾಂಕ’ ಇಷ್ಟೇ ಇರಲಿ. ‘ಒಂದು ಮುಖ್ಯ ವಿಷಯ’ ಎಂದೆಲ್ಲ ಹಾಕಿದರೆ ನಾಳೆ ಹುಡುಕುವವರಿಗೆ ಸಿಗುವುದಿಲ್ಲ. ಸ್ವಂತ ಮೇಲ್‌ಗೂ ಒಂದು ಪ್ರತಿ ಹೋಗಲಿ. ಕಚೇರಿಯ ಪೋರ್ಟಲ್‌ನಲ್ಲಿ ಫಾರ್ಮ್ ತುಂಬಬೇಕಿದ್ದರೆ ಅದನ್ನೂ ತುಂಬಿ. ಆದರೆ ಅಲ್ಲಿ ಆಯ್ಕೆ ಮಾಡುವಾಗ ‘ರಾಜೀನಾಮೆ’ ಒತ್ತಿಬಿಡಬೇಡಿ, ಕೆಲವು ಪೋರ್ಟಲ್‌ಗಳಲ್ಲಿ ಅದೇ ಮೊದಲು ಕಾಣಿಸುತ್ತದೆ.

ಒಂದು ವಾರ ಕಾಯಿರಿ. ಉತ್ತರ ಬರದಿದ್ದರೆ ಎರಡು ಸಾಲಿನ ಜ್ಞಾಪನೆ ಕಳಿಸಿ: ‘ಜನವರಿ 4ರಂದು ಕೊಟ್ಟ ನನ್ನ ನಿವೃತ್ತಿ ನೋಟಿಸ್ ತಮಗೆ ತಲುಪಿದೆ ಎಂದೂ, ಏಪ್ರಿಲ್ 30ರ ದಿನಾಂಕವನ್ನು ದಾಖಲಿಸಿಕೊಳ್ಳಲಾಗಿದೆ ಎಂದೂ ಬರವಣಿಗೆಯಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.’ ಉತ್ತರ ಬಂದಾಗ ಅದರಲ್ಲಿರುವ ದಿನಾಂಕವನ್ನು ನಿಮ್ಮ ಪತ್ರದ ದಿನಾಂಕದ ಜೊತೆ ತಾಳೆ ನೋಡಿ. ಬೇರೆ ಇದ್ದರೆ ಅವತ್ತೇ ಕೇಳಿ.

ಜನರಿಗೆ ಬರೆಯುವ ಪತ್ರ

ಇದನ್ನು ಕೊನೆಯ ವಾರದಲ್ಲಿ ಕಳಿಸಿ. ಕೊನೆಯ ದಿನ ಸಂಜೆ ಕಳಿಸಿದರೆ ಉತ್ತರ ಓದುವ ಮೊದಲೇ ಮೇಲ್ ಮುಚ್ಚಿರುತ್ತದೆ. ತುಂಬಾ ಜನರಿಗೆ ಹೋಗುವುದಾದರೆ ವಿಳಾಸಗಳನ್ನು ಬಿಸಿಸಿಯಲ್ಲಿ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಸಾಲಿನಲ್ಲಿ, ಹಾಕಿ. ಇಲ್ಲದಿದ್ದರೆ ಪ್ರತಿಯೊಬ್ಬರ ‘ಶುಭಾಶಯಗಳು ಸರ್’ ಎಲ್ಲರ ಮೇಲ್ ಪೆಟ್ಟಿಗೆಗೂ ಹೋಗಿ ಬೀಳುತ್ತದೆ.

ಹೆಸರುಗಳ ಪಟ್ಟಿ ಮಾಡಬೇಡಿ. ಇಪ್ಪತ್ತು ಹೆಸರು ಬರೆದರೆ ಇಪ್ಪತ್ತೊಂದನೆಯವರಿಗೆ ನೋವಾಗುತ್ತದೆ. ನಿಮಗೆ ನಿಜವಾಗಿ ಹತ್ತಿರದವರಾದ ಮೂರು ನಾಲ್ಕು ಜನಕ್ಕೆ ಬೇರೆಯಾಗಿ, ಅವರವರಿಗೇ ಬರೆಯಿರಿ. ಎಲ್ಲರಿಗೂ ಹೋಗುವ ಪತ್ರದಲ್ಲಿ ನಿಮ್ಮ ಕೆಲಸದ ಬದುಕಿನ ಯಾವುದಾದರೂ ಒಂದು ಸಣ್ಣ ಸಂಗತಿ ಸಾಕು. ಸಾಧನೆಗಳ ಪಟ್ಟಿ ಬೀಳ್ಕೊಡುಗೆ ಭಾಷಣ ಮಾಡುವವರಿಗೆ ಬಿಡಿ, ಅವರು ಹೇಗೂ ಹೇಳುತ್ತಾರೆ. ಹೀಗೆ ಬರೆಯಬಹುದು:

‘ಗೆಳೆಯರೇ, ಏಪ್ರಿಲ್ 16 ಕಚೇರಿಯಲ್ಲಿ ನನ್ನ ಕೊನೆಯ ದಿನ. ಲೆಕ್ಕ ತಾಳೆಯಾಗದೆ ರಾತ್ರಿಯಾದರೂ ಎದ್ದು ಹೋಗದೆ ಕೂತ ಎಷ್ಟೋ ತಿಂಗಳ ಕೊನೆಗಳು ನೆನಪಿವೆ. ಆಗ ಪಕ್ಕದಲ್ಲಿ ಕೂತವರಿಗೆಲ್ಲ ಧನ್ಯವಾದ. ನನ್ನ ಮೇಲೆ ಸಿಟ್ಟು ಬಂದರೂ ಬಿಲ್ಲು ಸರಿಮಾಡಿ ತಂದುಕೊಟ್ಟವರಿಗೂ. ಬಾಕಿ ಕೆಲಸಗಳಿಗೆ ಇನ್ನು ಮುಂದೆ ವಿಭಾಗದ ಮೇಲ್‌ಗೆ ಬರೆಯಿರಿ. ಕೆಲಸ ಬಿಟ್ಟು ಬೇರೆ ಮಾತಿಗಾದರೆ ನನ್ನ ಸ್ವಂತ ಫೋನ್ ಇದೆ, ಸಂಖ್ಯೆ ಕೆಳಗಿದೆ.’

ತಮಾಷೆ ಇರಲಿ, ಆದರೆ ಯಾರನ್ನೂ ಚುಚ್ಚದಿರಲಿ. ಕಳಿಸುವ ಮುಂಚೆ ಒಂದು ಸಲ ಗಟ್ಟಿಯಾಗಿ ಓದಿಕೊಳ್ಳಿ. ಓದುವಾಗ ನಿಮಗೇ ಮುಜುಗರವಾದ ಸಾಲನ್ನು ತೆಗೆದುಬಿಡಿ.

ಗ್ರಾಹಕರಿಗೆ, ಮತ್ತು ಸ್ವಂತ ವೃತ್ತಿಯವರಿಗೆ

ಗ್ರಾಹಕರಿಗೆ ನೀವಾಗಿ ಬರೆಯಬೇಡಿ, ಮೇಲಧಿಕಾರಿಯ ಜೊತೆ ಮಾತಾಡಿ ಬರೆಯಿರಿ. ಅವರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಇನ್ನು ಮೇಲೆ ನನ್ನ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಹೊಸಬರ ಹೆಸರು, ಫೋನ್, ಯಾವತ್ತಿನಿಂದ ಎಂಬುದು ಮೊದಲ ಮೂರು ಸಾಲಿನಲ್ಲೇ ಬರಲಿ. ಹೊಸಬರು ಇನ್ನೂ ಗೊತ್ತಾಗದಿದ್ದರೆ ಅಲ್ಲಿಯವರೆಗೆ ಯಾರನ್ನು ಕೇಳಬೇಕು ಎಂದು ಬರೆಯಿರಿ.

ಸ್ವಂತ ವೃತ್ತಿ ನಡೆಸುವವರಿಗೆ ನೋಟಿಸ್ ತೆಗೆದುಕೊಳ್ಳುವ ಮೇಲಧಿಕಾರಿ ಇರುವುದಿಲ್ಲ. ಅವರ ಜವಾಬ್ದಾರಿ ಮಾತ್ರ ಜಾಸ್ತಿ. ವೈದ್ಯರಾದರೆ ರೋಗಿಗಳ ದಾಖಲೆ ಎಲ್ಲಿ ಸಿಗುತ್ತದೆ, ಚಿಕಿತ್ಸೆಯ ನಡುವೆ ಇರುವವರು ಯಾರ ಹತ್ತಿರ ಹೋಗಬೇಕು ಎಂದು ಹೇಳಬೇಕು. ವಕೀಲರಾದರೆ ನಡೆಯುತ್ತಿರುವ ಪ್ರಕರಣ ಯಾರಿಗೆ, ಮೂಲ ಕಾಗದ ವಾಪಸ್ ಯಾವಾಗ. ಪಾಠ ಹೇಳುವವರು ಪರೀಕ್ಷೆ ಮುಗಿಯುವವರೆಗೆ ಕಾದು ದಿನ ಗೊತ್ತುಮಾಡಿದರೆ ಮಕ್ಕಳಿಗೆ ಅನುಕೂಲ. ಹೊಸ ಕೆಲಸ ಒಪ್ಪಿಕೊಳ್ಳುವುದು ಯಾವತ್ತು ನಿಲ್ಲುತ್ತದೆ, ಹಳೆಯದನ್ನು ಯಾವತ್ತು ಮುಗಿಸಿಕೊಡುತ್ತೀರಿ ಎಂಬ ಎರಡು ದಿನಾಂಕ ಈ ಪತ್ರದಲ್ಲೂ ಬೇರೆ ಬೇರೆ ಇರಬೇಕು. ಬರಬೇಕಾದ ಬಾಕಿ ಹಣದ ಮಾತನ್ನು ಇದರಲ್ಲಿ ಸೇರಿಸಬೇಡಿ. ಅದು ಕೊಡಬೇಕಾದವರಿಗೆ ಮಾತ್ರ ಹೋಗುವ ಬೇರೆ ಕಾಗದ.

ಕೊನೆಯ ದಿನ ಕಂಪ್ಯೂಟರ್ ಮುಚ್ಚುವ ಮುಂಚೆ ಮೇಲ್‌ಗೆ ತಾನಾಗಿ ಹೋಗುವ ಉತ್ತರವೊಂದನ್ನು ಹಾಕಿಡಿ. ಮೇಲ್ ಬಂದ್ ಮಾಡುವುದನ್ನು ಒಂದು ತಿಂಗಳು ಮುಂದೂಡಲು ಆಗುತ್ತದಾ ಎಂದು ಕಂಪ್ಯೂಟರ್ ವಿಭಾಗವನ್ನು ಮೊದಲೇ ಕೇಳಿರಿ. ಉತ್ತರ ಇಷ್ಟಿದ್ದರೆ ಸಾಕು: ‘ನಾನು 2027ರ ಏಪ್ರಿಲ್ 30ರಂದು ನಿವೃತ್ತನಾಗುತ್ತಿದ್ದೇನೆ. ಈ ಮೇಲ್ ಅನ್ನು ಇನ್ನು ನೋಡುವುದಿಲ್ಲ. ಲೆಕ್ಕಪತ್ರದ ವಿಷಯಗಳಿಗೆ ದಯವಿಟ್ಟು ಈ ವಿಳಾಸಕ್ಕೆ ಬರೆಯಿರಿ.’ ಕೆಳಗೆ ವಿಭಾಗದ ವಿಳಾಸ ಹಾಕಿ. ಸ್ವಂತ ಫೋನ್ ನಂಬರ್ ಬೇಡ, ಅದು ಯಾರ್ಯಾರಿಗೋ ಹೋಗುತ್ತದೆ.